ನೀರು ಕವಲೊಡೆಯುವ ದಿಣ್ಣೆ

ಮಹಾರಾಷ್ಟ್ರದ ಬಾಲಾಘಾಟದ ಗುಡ್ಡಗಳು ಮಲೆನಾಡಿನವರ ಕಣ್ಣಿಗೆ ಬೆಟ್ಟಗಳೇ ಅಲ್ಲ. ನೆತ್ತಿ ಚಪ್ಪಟೆ, ಮೈ ಕರಿಗಲ್ಲು, ಹಸಿರು ಮಳೆ ನಿಂತ ಮೇಲಿನ ಸ್ವಲ್ಪ ದಿನಗಳದ್ದು. ಈ ಸೀಮೆಯನ್ನು ಬಲ್ಲವರ ಜೊತೆಗೇ ನೋಡಬೇಕು. ನಮಗೆ ದಾರಿ ತೋರಿದವರು ಒಬ್ಬ ನಿವೃತ್ತ ಮಾಸ್ತರು. ಕಲಿಸಿದ್ದು ಮರಾಠಿಯಲ್ಲಿ, ಮನೆಮಾತು ಕನ್ನಡ.

ಉಮರ್ಗಾ ದಾಟಿ ಉತ್ತರಕ್ಕೆ ಹೋಗುವಾಗ ತೊಗರಿ ಹೊಲದ ದಿಣ್ಣೆಯೊಂದರ ಮೇಲೆ ಜೀಪು ನಿಲ್ಲಿಸಿದರು. “ಈ ಕಡಿ ಬಿದ್ದ ಮಳಿ ಭೀಮಾ ಸೇರಿ ಕೃಷ್ಣಾಕ್ಕ ಹೋಗ್ತದರಿ. ಆ ಕಡಿದು ತೇರಣಾ, ಮಾಂಜ್ರಾ ಹಿಡದು ಗೋದಾವರಿಗಿ.” ಎರಡು ಮಹಾನದಿಗಳ ಪಾಲು ಹಂಚುವ ಜಾಗಕ್ಕೆ ಒಂದು ಫಲಕವೂ ಇಲ್ಲ. ನಿಲಂಗಾ, ಉದಗೀರ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿ ಸರಿಯಿತು, ಮಾಂಜ್ರಾ ಇಂದಿಗೂ ಬೀದರದ ಮೂಲಕವೇ ಹರಿಯುತ್ತದೆ.

ಮಾಕಣಿಯಲ್ಲಿ ತೇರಣೆಗೆ ಕಟ್ಟಿದ ಅಣೆಕಟ್ಟೆಯ ಹಿನ್ನೀರು ಎರೆಹೊಲಗಳ ನಡುವೆ ಅಗಲವಾಗಿ ಹರಡಿದೆ. ಅಲ್ಲಿ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಕಿಲ್ಲಾರಿ ಅಲ್ಲಿಂದ ದೂರವಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದ ಮಾತು ಬಂದಾಗ ಮಾಸ್ತರು ಹಾಳುಗೋಡೆಯೊಂದರ ಮುಂದೆ ನಿಂತರು: ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಬರೀ ಮಣ್ಣು, ಎರಡನ್ನೂ ಹಿಡಿದಿಡುವ ಉದ್ದಗಲ್ಲು ಒಂದೂ ಇಲ್ಲ. ಮೇಲೆ ಮಣ್ಣಿನ ಮಾಳಿಗೆಯ ಭಾರ. ಬಿಸಿಲಿಗೆ ತಂಪಾಗಿರಲೆಂದು ಕಟ್ಟಿದ ಮನೆಗಳೇ ಮಲಗಿದ್ದವರ ಮೇಲೆ ಕುಸಿದವು. ಸತ್ತವರು ಹತ್ತಿರಹತ್ತಿರ ಹತ್ತು ಸಾವಿರ. ಸುಂದರ ನೋಟವಷ್ಟೇ ಸಾಕೆಂದು ಈ ಊರನ್ನು ಬಿಟ್ಟು ಮುಂದೆ ಹೋಗುವ ಪ್ರವಾಸ ನನಗೆ ಒಪ್ಪಿಗೆಯಿಲ್ಲ.

ಖರೋಸಾದ ಗುಡ್ಡದಲ್ಲಿ ಕಲ್ಲಿನ ಬಣ್ಣವೇ ಬೇರೆ. ಸುಮಾರು 6ನೇ ಶತಮಾನದ ಗುಹೆಗಳನ್ನು ಕೆಂಪು ಜಂಬಿಟ್ಟಿಗೆಯಲ್ಲಿ ಕೊರೆದಿದ್ದಾರೆ. ಮೂರ್ತಿಗಳ ಮುಖ ಸವೆದು ತೂತುತೂತಾಗಿದೆ, ನಿಲುವು ಮಾತ್ರ ಗಟ್ಟಿ. ನಿಲಂಗಾದ ನೀಲಕಂಠೇಶ್ವರ ಗುಡಿ ಅದಕ್ಕೆ ತದ್ವಿರುದ್ಧ: ಕರಿಗಲ್ಲಿನ ಹೊರಗೋಡೆಯ ಸುರಸುಂದರಿಯರ ಒಡವೆಯ ಮಣಿಮಣಿಯೂ ಕಾಣುತ್ತದೆ.

ಉದಗೀರ ಕೋಟೆ ಮುಟ್ಟಿದಾಗ ಸಂಜೆ. 1760ರಲ್ಲಿ ಮರಾಠರ ಸದಾಶಿವರಾವ್ ಭಾವು ನಿಜಾಮನನ್ನು ಸೋಲಿಸಿದ್ದು ಇಲ್ಲೇ. ಮರುವರ್ಷ ಪಾಣಿಪತ್ತದಲ್ಲಿ ಭಾವುವೇ ಬಿದ್ದ. ದೇವರ್ಜನದ ಹತ್ತಿಬೇಟಕ್ಕೆ ಹೊತ್ತು ಸಾಲಲಿಲ್ಲ. ಕೊನೆಯ ನಿಜಾಮನ ಕಾಲದ ರಜಾಕಾರರಿಗೆ ಎದುರು ನಿಂತವರು ನೆಲೆ ಮಾಡಿಕೊಂಡಿದ್ದ ಗುಡ್ಡ ಅದು. ಬೀದರದಿಂದ ಹೊರಡುವವರು ಉದಗೀರದಿಂದಲೇ ಶುರುಮಾಡಿ, ಹತ್ತಿಬೇಟವನ್ನು ಬೆಳಗಿನ ತಂಪಿನಲ್ಲೇ ಹತ್ತಲಿ.