ಶೆರ್ರಿ: ಸಿಹಿಯೋ, ಡ್ರೈಯೋ?

ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಇಂಗ್ಲೆಂಡಿನ ಮಕ್ಕಳು ಸಾಂತಾಕ್ಲಾಸನಿಗೆಂದು ಒಂದು ಮಿನ್ಸ್ ಪೈ, ಪಕ್ಕದಲ್ಲಿ ಪುಟ್ಟ ಗ್ಲಾಸಿನಲ್ಲಿ ಶೆರ್ರಿ ಎಂಬ ವೈನ್ ಇಟ್ಟು ಮಲಗುವುದು ಹಳೆಯ ಪದ್ಧತಿ. ಬೆಳಗಾಗುವಷ್ಟರಲ್ಲಿ ಗ್ಲಾಸು ಖಾಲಿ. ನೈವೇದ್ಯ ಯಾರ ಹೊಟ್ಟೆ ಸೇರಿತೆಂದು ಮನೆಯ ಯಜಮಾನರನ್ನು ಕೇಳಬಾರದು. ಅದೇ ದೇಶದಲ್ಲಿ ನಾಲ್ಕು ಜನ ವೈನ್ ಬಲ್ಲವರ ನಡುವೆ ಕೂತು ‘ನನಗೆ ಸಿಹಿ ಶೆರ್ರಿಯೇ ಇಷ್ಟ’ ಎನ್ನಲು ಎದೆಗಾರಿಕೆ ಬೇಕು. ಸಿಹಿ ಅಜ್ಜಿಯರಿಗೆ, ಸಿಹಿಯಿಲ್ಲದ ಡ್ರೈ ತಿಳಿದವರಿಗೆ ಎಂಬ ಮಡಿವಂತಿಕೆ ಅಲ್ಲೂ ಉಂಟು.

ತಮಾಷೆಯೆಂದರೆ, ಆ ಸಿಹಿಯನ್ನು ಬಯಸಿ ಬೆಳೆಸಿದವರಲ್ಲಿ ಇಂಗ್ಲಿಷರೇ ಮುಂದು. ಶೆರ್ರಿಯ ಹುಚ್ಚು ಅವರಿಗೆ ಇಂದು ನಿನ್ನೆಯದಲ್ಲ. 1587ರಲ್ಲಿ ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕ್ ಸ್ಪೇನಿನ ಕಾದಿಸ್ ಬಂದರಿನ ಮೇಲೆ ಬಿದ್ದು ದೋಚಿದ ಸರಕಿನಲ್ಲಿ ಸುಮಾರು 2,900 ಪೀಪಾಯಿ ಶೆರ್ರಿ ಇತ್ತೆಂದು ಹೇಳುತ್ತಾರೆ. ಶೇಕ್ಸ್‌ಪಿಯರನ ಫಾಲ್‌ಸ್ಟಾಫ್ ಅಂತೂ ರಂಗದ ಮೇಲೆ ನಿಂತು ಅದರ ಗುಣಗಾನ ಮಾಡುತ್ತಾನೆ. ಆದರೆ ಶೆರ್ರಿಯ ತವರಾದ ದಕ್ಷಿಣ ಸ್ಪೇನಿನಲ್ಲಿ, ಹೆರೆಸ್‌ನ ಕುದುರೆ ಜಾತ್ರೆಗೆ ಹೋದರೆ ಜನರ ಕೈಯಲ್ಲಿ ಕಾಣುವುದು ತಿಳಿ ಹುಲ್ಲಿನ ಬಣ್ಣದ, ತಣ್ಣಗಿನ ಫಿನೋ. ಅದು ಪಕ್ಕಾ ಡ್ರೈ.

ಹೆರೆಸ್, ಸಾನ್‌ಲೂಕರ್, ಎಲ್ ಪುಯೆರ್ತೊ ಎಂಬ ಮೂರು ಊರುಗಳ ಸುತ್ತಿನ ಬಿಳಿ ಸುಣ್ಣಮಣ್ಣಿನಲ್ಲಿ ಪಾಲೊಮಿನೊ ದ್ರಾಕ್ಷಿ ಬೆಳೆಯುತ್ತದೆ. ಅದರ ರಸ ಹುದುಗುವಾಗ ಸಕ್ಕರೆಯೆಲ್ಲ ಮುಗಿದುಹೋಗುತ್ತದೆ. ಆಮೇಲೆ ದ್ರಾಕ್ಷಿಯಿಂದಲೇ ಇಳಿಸಿದ ಮದ್ಯ ಬೆರೆಸುತ್ತಾರೆ. ಮದ್ಯಾಂಶ ಶೇ 15ರ ಆಸುಪಾಸಿನಲ್ಲಿ ನಿಂತರೆ, ಕಾಸಿ ಆರಿದ ಹಾಲಿನ ಮೇಲೆ ಕೆನೆ ಕಟ್ಟಿದಂತೆ ವೈನಿನ ಮೇಲೆ ಯೀಸ್ಟಿನ ಪದರ ಹಬ್ಬುತ್ತದೆ. ಅದರ ಹೆಸರು ಫ್ಲೋರ್. ಅದು ಗಾಳಿಯನ್ನು ತಡೆಯುತ್ತದೆ, ಒಳಗಿನ ಗ್ಲಿಸರಾಲನ್ನೂ ತಿಂದು ವೈನನ್ನು ಇನ್ನಷ್ಟು ಡ್ರೈ ಮಾಡುತ್ತದೆ. ಫಿನೋ, ಮಾನ್ಸಾನಿಯ ಎಂಬ ಬಗೆಗಳು ಹೀಗೆ ಪಳಗಿದವು. ಮದ್ಯಾಂಶವನ್ನು ಶೇ 17ಕ್ಕೆ ಏರಿಸಿದರೆ ಫ್ಲೋರ್ ಬದುಕದು. ವೈನ್ ಗಾಳಿಗೆ ಒಡ್ಡಿಕೊಂಡು ಕಂದು ಬಣ್ಣದ ಒಲೊರೊಸೊ ಆಗುತ್ತದೆ.

ಮೂಗಿಗೆ ಒಲೊರೊಸೊ ಹಿಡಿದರೆ ಅಕ್ರೋಟು, ಒಣ ಅಂಜೂರ, ಸುಟ್ಟ ಸಕ್ಕರೆ ಎಲ್ಲ ಸಿಗುತ್ತದೆ. ಬಾಯಿಗೆ ಬಿಟ್ಟರೆ ಸಿಹಿ ನಾಪತ್ತೆ! ಕಪ್ಪಗಿದ್ದದ್ದೆಲ್ಲ ಸಿಹಿ, ಬಿಳುಪಾದದ್ದೆಲ್ಲ ಡ್ರೈ ಎಂದುಕೊಂಡವರು ಇಲ್ಲಿ ಮೋಸಹೋಗುತ್ತಾರೆ. ಪೇಲ್ ಕ್ರೀಮ್ ಎಂಬುದು ತಿಳಿ ಬಣ್ಣದ್ದಾದರೂ ಸಿಹಿಯೇ.

ಹಾಗಾದರೆ ಸಿಹಿ ಎಲ್ಲಿಂದ ಬರುತ್ತದೆ? ಪೆದ್ರೊ ಹಿಮೆನೆಸ್ ಎಂಬ ದ್ರಾಕ್ಷಿಯನ್ನು ಕಿತ್ತು, ಚಾಪೆಯ ಮೇಲೆ ಹರವಿ, ಬಿಸಿಲಿಗೆ ಬಾಡಿಸುತ್ತಾರೆ. ಆ ರಸ ಪೂರ್ತಿ ಹುದುಗುವ ಮೊದಲೇ ಮದ್ಯ ಸುರಿದು ತಡೆದರೆ ಸಕ್ಕರೆ ಉಳಿಯುತ್ತದೆ. ನಿಯಮದಂತೆ ಲೀಟರಿಗೆ ಕನಿಷ್ಠ 212 ಗ್ರಾಂ. ಡ್ರೈ ಒಲೊರೊಸೊಗೆ ಇಂಥ ಸಿಹಿ ವೈನ್ ಬೆರೆಸಿದರೆ ಅದು ಕ್ರೀಮ್ ಶೆರ್ರಿ. ಬ್ರಿಸ್ಟಲ್ ನಗರದ ವ್ಯಾಪಾರಿಗಳು ಹೆಸರು ಮಾಡಿದ್ದು ಇದರಿಂದಲೇ.

ಕುಡಿಯುವ ರೀತಿಯೂ ಬೇರೆಬೇರೆ. ಫಿನೋ ಚೆನ್ನಾಗಿ ತಣ್ಣಗಿರಬೇಕು. ಜೊತೆಗೆ ಆಲಿವ್, ಹುರಿದ ಬಾದಾಮಿ, ಸಿಗಡಿ. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸದಿದ್ದರೆ ಅದರ ಲವಲವಿಕೆ ಹೋಗುತ್ತದೆ. ಕ್ರೀಮ್ ಅಷ್ಟು ಅವಸರದ್ದಲ್ಲ, ವಾರಗಟ್ಟಲೆ ಕಾಯುತ್ತದೆ. ಪೆದ್ರೊ ಹಿಮೆನೆಸ್ ವೈನನ್ನು ವೆನಿಲಾ ಐಸ್‌ಕ್ರೀಮಿನ ಮೇಲೆ ಸುರಿದುಕೊಂಡವರು ಅದನ್ನು ಗ್ಲಾಸಿಗೆ ಹಾಕುವ ಯೋಚನೆಯನ್ನೇ ಬಿಡುತ್ತಾರೆ.

ಒಲೆಯ ಮುಂದೆ ಮಾತ್ರ ಸಿಹಿಗೂ ಡ್ರೈಗೂ ಸಮಾನ ಹಕ್ಕಿಲ್ಲ. ಶೆರ್ರಿ ಕುದಿದಂತೆ ನೀರೂ ಮದ್ಯವೂ ಆವಿಯಾಗುತ್ತವೆ, ಸಕ್ಕರೆ ಜಾಗ ಬಿಡುವುದಿಲ್ಲ. ಆಂಡಲೂಸಿಯಾದವರು ಮಾಂಸವನ್ನೋ ಅಣಬೆಯನ್ನೋ ಬೆಳ್ಳುಳ್ಳಿಯೊಂದಿಗೆ ಬಾಡಿಸುವಾಗ ಡ್ರೈ ಶೆರ್ರಿ ಹಾಕುವುದು ಇದಕ್ಕೇ. ಅಲ್ಲಿ ಕ್ರೀಮ್ ಸುರಿದರೆ ಪಲ್ಯ ಪಾಕವಾಗುತ್ತದೆ. ಚೀನೀ ಅಡುಗೆಗೆ ಶಾವೊಶಿಂಗ್ ಅಕ್ಕಿ ವೈನ್ ಸಿಗದಿದ್ದಾಗ ಪಾಶ್ಚಾತ್ಯ ಬಾಣಸಿಗರು ಮೊರೆಹೋಗುವುದೂ ಡ್ರೈ ಶೆರ್ರಿಗೇ. ಸಿಹಿಯದ್ದು ಕುದಿಸದ ಕಡೆ ದೊರೆತನ: ಟ್ರೈಫಲ್ ಎಂಬ ಸಿಹಿತಿನಿಸಿನ ತಳದ ಕೇಕನ್ನು ನೆನೆಸಲು ಅದೇ ಬೇಕು. ಅಮೆರಿಕದ ಅಂಗಡಿಗಳಲ್ಲಿ ‘ಕುಕಿಂಗ್ ಶೆರ್ರಿ’ ಎಂದು ಮಾರುವುದಕ್ಕೆ ಉಪ್ಪು ಬೆರೆಸಿರುತ್ತಾರೆ; ಅದು ಗ್ಲಾಸಿಗೂ ಸಲ್ಲದು, ಒಳ್ಳೆಯ ಅಡುಗೆಗೂ ಸಲ್ಲದು.

ಆದ್ದರಿಂದ, ವಿದೇಶದಲ್ಲಿದ್ದು ಅಡುಗೆಗೆಂದು ಒಂದೇ ಬಾಟಲಿ ಕೊಳ್ಳುವವರು ಡ್ರೈ ಕೊಳ್ಳಿ. ಸಿಹಿ ಸಾಲದಿದ್ದರೆ ಒಂದು ಚಮಚ ಸಕ್ಕರೆ ಹಾಕಿದರಾಯಿತು. ಹಾಕಿದ ಸಕ್ಕರೆಯನ್ನು ಪಾತ್ರೆಯಿಂದ ತೆಗೆಯುವ ವಿದ್ಯೆ ಯಾವ ಬಾಣಸಿಗನಿಗೂ ಗೊತ್ತಿಲ್ಲ.