ಸಕ್ರೆಬೈಲಿನ ಸಲಗ ಮತ್ತು ಅಣ್ಣ

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ದೊಡ್ಡಮ್ಮನ ಮಗನ ಜೊತೆ ಸಕ್ರೆಬೈಲಿಗೆ ಹೋಗಿದ್ದೆ. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಆನೆಗಳ ಸ್ನಾನ ನಡೆದಿತ್ತು. ಒಂದು ಸಲಗವನ್ನು ಮಾತ್ರ ದೂರದಲ್ಲಿ ಸರಪಳಿ ಹಾಕಿ ಕಟ್ಟಿದ್ದರು. ಕಣ್ಣು ಕಿವಿಗಳ ನಡುವೆ ಒಸರಿದ ಮದಜಲ ಕೆನ್ನೆಗೆ ಇಳಿದಿತ್ತು. "ಮದ ಬಂದಿದೆ, ಆ ಕಡೆ ಹೋಗಬೇಡಿ" ಎಂದರು ಮಾವುತರು.

"ಅಂದ್ರೆ ಟೆಸ್ಟೋಸ್ಟಿರಾನ್ ಜಾಸ್ತಿ, ಅಲ್ವೇನೇ?" ಎಂದ ಅಣ್ಣ. ಆಮೇಲೆ ದನಿ ತಗ್ಗಿಸಿ, "ನಾನೂ ಅದರ ಇಂಜೆಕ್ಷನ್ ತಗೊಳ್ತಿದೀನಿ. ಜಿಮ್ಮಿನಲ್ಲಿ ಒಬ್ಬ ಕೊಡ್ತಾನೆ."

ಅವನ ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಹರಕೆ, ಕಷಾಯ, ಪರೀಕ್ಷೆ ಎಲ್ಲವೂ ಅತ್ತಿಗೆಯ ಪಾಲಿಗೆ. ನಾನು ಪಿಎಚ್‌ಡಿಗೆ ಓದುತ್ತಿರುವುದು ವೃಷಣದ ಜೀವಕೋಶಗಳನ್ನೇ. ಮನೆಯಲ್ಲಿ ಮಾತ್ರ "ಪ್ರಾಣಿಶಾಸ್ತ್ರ" ಎಂದಷ್ಟೇ ಹೇಳಿಕೊಂಡಿದ್ದೆ. ಅಣ್ಣನ ಮುಂದೆ ಆ ಪದ ಆಡಲು ನಾಚಿಕೆ. ಅವತ್ತು ಆಡಿದೆ.

ವೃಷಣದೊಳಗೆ ಸಣ್ಣ ನಾಳಗಳು ಸುರುಳಿ ಸುತ್ತಿಕೊಂಡಿವೆ. ವೀರ್ಯಾಣು ಹುಟ್ಟುವುದು ಅವುಗಳೊಳಗೆ. ನಾಳಗಳ ನಡುವಿನ ಸಂದಿಯಲ್ಲಿ ಲೇಡಿಗ್ ಕೋಶಗಳಿವೆ. 1850ರಲ್ಲಿ ಜರ್ಮನಿಯ ಫ್ರಾಂಜ್ ಲೇಡಿಗ್ ಅವನ್ನು ವಿವರಿಸಿದ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನಿನ ಮೂಲಕ ಹೇಳಿ ಕಳಿಸಿದಾಗ ಅವು ಟೆಸ್ಟೋಸ್ಟಿರಾನ್ ತಯಾರಿಸುತ್ತವೆ. ನಾಳದೊಳಗಿನ ಸರ್ಟೋಲಿ ಕೋಶಗಳು ಅದನ್ನು ಗ್ರಹಿಸಿ, ಬೆಳೆಯುವ ವೀರ್ಯಾಣುಗಳನ್ನು ಸಾಕುತ್ತವೆ. ಅದಕ್ಕಾಗಿ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಟೆಸ್ಟೋಸ್ಟಿರಾನ್ ವೃಷಣದೊಳಗೇ ಇರುತ್ತದೆ.

"ಹಾಗಾದ್ರೆ ಇಂಜೆಕ್ಷನ್ ಒಳ್ಳೇದೇ ಅಲ್ವಾ?"

"ಇಲ್ಲ ಅಣ್ಣ. ರಕ್ತದಲ್ಲಿ ಜಾಸ್ತಿಯಾದ್ರೆ ಪಿಟ್ಯುಟರಿ ಹೇಳಿ ಕಳಿಸೋದನ್ನೇ ನಿಲ್ಲಿಸುತ್ತೆ. ಲೇಡಿಗ್ ಕೋಶಗಳು ಕೈಕಟ್ಟಿ ಕೂರ್ತವೆ. ಹೊರಗೆ ಮೈ ತುಂಬಿಕೊಳ್ಳುತ್ತೆ, ಒಳಗೆ ಬರ. ವೀರ್ಯಾಣು ಸೊನ್ನೆಗೂ ಇಳೀಬಹುದು."

ಸಲಗದ ಮದ ಅದರದೇ ಕೋಶಗಳಿಂದ ಬಂದದ್ದು, ತಾನಾಗಿ ಇಳಿಯುತ್ತದೆ. ಮದವಿಲ್ಲದಾಗಲೂ ಅದು ಮರಿಯ ತಂದೆಯಾಗಬಲ್ಲದು. ಇದನ್ನೂ ಹೇಳಿದೆ. ಅಣ್ಣ ಬಹಳ ಹೊತ್ತು ಆನೆಯನ್ನೇ ನೋಡುತ್ತ ನಿಂತ.

"ಬಿಟ್ರೆ ಸರಿಹೋಗುತ್ತಾ?"

"ತುಂಬ ಜನಕ್ಕೆ ಸರಿಹೋಗುತ್ತೆ. ಒಂದು ವೀರ್ಯಾಣು ತಯಾರಾಗೋದಕ್ಕೇ ಸುಮಾರು 74 ದಿನ ಬೇಕು. ಸರಿಹೋಗೋಕೆ ತಿಂಗಳುಗಟ್ಟಲೆ ಆಗಬಹುದು, ವರ್ಷವೂ ಹಿಡೀಬಹುದು. ಡಾಕ್ಟರ ಹತ್ರ ಏನೂ ಮುಚ್ಚಿಡಬೇಡ."

ಮರುವಾರ ಅವನು ಪರೀಕ್ಷೆ ಮಾಡಿಸಿಕೊಂಡ. ವರದಿ ಬಂದ ಸಂಜೆ ಅತ್ತಿಗೆ ಫೋನ್ ಮಾಡಿದರು. ಅಳಲಿಲ್ಲ, ಬೈಯಲಿಲ್ಲ. "ಗಂಡಸರನ್ನೂ ಪರೀಕ್ಷೆ ಮಾಡಬೇಕು ಅಂತ ನಿಂಗೆ ಮೊದಲೇ ಗೊತ್ತಿತ್ತಲ್ವಾ?" ಎಂದಷ್ಟೇ ಕೇಳಿದರು.

ಗೊತ್ತಿತ್ತು, ಅತ್ತಿಗೆ. ನಾಲ್ಕು ವರ್ಷವೂ ಗೊತ್ತಿತ್ತು.