ಸೊನ್ನೆಯ ದಿನ

ಅಮೆರಿಕದ ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿ ಜಾರ್ಜಿಯಾದಿಂದ ಮೇನ್‌ವರೆಗೆ ಹದಿನಾಲ್ಕು ರಾಜ್ಯಗಳನ್ನು ಹಾದು ಸುಮಾರು 3,500 ಕಿಲೋಮೀಟರ್ ಹೋಗುತ್ತದೆ. ಪೂರ್ತಿ ನಡೆಯಲು ಐದಾರು ತಿಂಗಳು ಬೇಕು. ನಮ್ಮ ಮಗಳೂ ಹೊರಟಿದ್ದಳು. ವರ್ಜೀನಿಯಾದಲ್ಲಿ ಅವಳು ಒಂದು ದಿನ ತಂಗಿದಾಗ ನಾನೂ ಅಲ್ಲಿಗೆ ಹೋದೆ. ಬುದ್ಧಿ ಹೇಳಿ ಮನೆಗೆ ಕರೆತರುವ ಆಸೆ!

ಹಾಸ್ಟೆಲ್ ಅಂದರೆ ಹಳೆಯ ಕೊಟ್ಟಿಗೆ. ಒಂದರ ಮೇಲೊಂದು ಮರದ ಮಂಚ, ಹೊರಗೆ ಸಾಲಾಗಿ ಒದ್ದೆ ಬೂಟುಗಳು. ಇದ್ದಬದ್ದ ಬಟ್ಟೆಯನ್ನೆಲ್ಲ ಒಗೆಯಲು ಹಾಕಿ, ಬಿಸಿಲಲ್ಲಿ ರೇನ್‌ಕೋಟು ತೊಟ್ಟು ಕೂತ ಹುಡುಗರು. ಮೂಲೆಯಲ್ಲೊಂದು ಪೆಟ್ಟಿಗೆ: ಹೊರಲಾರದ್ದನ್ನು ಅದರಲ್ಲಿ ಬಿಡಬಹುದು, ಬೇಕಾದವರು ಎತ್ತಿಕೊಳ್ಳಬಹುದು. ನಾನು ಒಯ್ದ ಚಟ್ನಿಪುಡಿ ಮುಕ್ಕಾಲು ಪಾಲು ಅಲ್ಲಿಗೇ ಸೇರಿತು.

ನಡೆಯದ ದಿನಕ್ಕೆ ಅವರು 'ಝೀರೋ' ಎನ್ನುತ್ತಾರೆ. ಅಂದಿನ ಮೈಲಿ ಸೊನ್ನೆ. ಹತ್ತು ಗಂಟೆಯಾದರೂ ಏಳದವಳನ್ನು ಎಬ್ಬಿಸಿದರೆ, "ಅಮ್ಮಾ, ಇದೂ ನಡಿಗೆಯೇ" ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ನನಗೆ ಅಂಥ ಸೊನ್ನೆ ದಕ್ಕಿದ್ದು ಬಾಣಂತನದಲ್ಲಿ ಮಾತ್ರ.

ಹಾಸ್ಟೆಲ್ಲಿನಾಕೆ ಎಮ್ಮಾ ಗೇಟ್‌ವುಡ್ ಅವರ ಕತೆ ಹೇಳಿದಳು. ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಕ್ಯಾನ್ವಾಸ್ ಶೂ ಹಾಕಿ, ತಾನೇ ಹೊಲಿದ ಚೀಲ ಹೆಗಲಿಗೇರಿಸಿ ಇಡೀ ದಾರಿಯನ್ನು ಒಬ್ಬರೇ ನಡೆದರಂತೆ. ಮಕ್ಕಳಿಗೆ ಹೇಳಿದ್ದು, ಸ್ವಲ್ಪ ಅಡ್ಡಾಡಿ ಬರುತ್ತೇನೆ ಎಂದಷ್ಟೇ. ನೀವು ನಗಬಹುದು, ನನಗೆ ನಗು ಬರಲಿಲ್ಲ.

ಸಂಜೆ ಮಗಳ ಪಾದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿದೆ. ಬೊಬ್ಬೆಗಳು ಒಣಗಿ ಚರ್ಮ ಗಟ್ಟಿಯಾಗಿತ್ತು. ಮನೆಗೆ ಬಾ ಎಂಬ ಮಾತು ಬಾಯಿಗೆ ಬರಲಿಲ್ಲ.

ಮರುದಿನ ನಸುಕಿನಲ್ಲೇ ಅವಳು ಹೊರಟಳು. ನಾನು ಇನ್ನೊಂದು ದಿನ ಅಲ್ಲೇ ಉಳಿದೆ.